ಪರ್ಫೆಕ್ಷನಿಸಂ: ತೊಂದರೆ ದೊಡ್ಡ ಗುರಿಯಲ್ಲಿದೆಯಾ, ತಪ್ಪಿನ ಭಯದಲ್ಲಿದೆಯಾ?

ವ್ಯಕ್ತಿತ್ವದ ಪಾಠಗಳಲ್ಲಿ ಪರ್ಫೆಕ್ಷನಿಸಂ ಮೊದಲ ಓದಿಗೆ ತೀರಾ ಸುಲಭ ಅನಿಸುತ್ತದೆ. ಎಲ್ಲವೂ ಅಚ್ಚುಕಟ್ಟಾಗಿರಬೇಕು ಅಂತ ಹಟ ಹಿಡಿಯುವ ಸ್ವಭಾವ, ಅಷ್ಟೇ ಅಲ್ವಾ? ಆದರೆ ಇದನ್ನು ಅಳೆಯಲು ಮಾಡಿರುವ ಪ್ರಶ್ನಾವಳಿಗಳನ್ನು ತೆರೆದರೆ ಬೇರೆಯೇ ಚಿತ್ರ ಕಾಣುತ್ತದೆ. ಒಂದೇ ಹೆಸರಿನ ಕೆಳಗೆ ಹಲವು ಸಂಗತಿಗಳಿವೆ. ಅವುಗಳ ನಡುವೆ ಎತ್ತು ಏರಿಗೆ, ಕೋಣ ನೀರಿಗೆ ಎಂಬ ಸ್ಥಿತಿ.

1978ರಲ್ಲಿ ಮನಶ್ಶಾಸ್ತ್ರಜ್ಞ ಹ್ಯಾಮಚೆಕ್ ಇದನ್ನು ಎರಡಾಗಿ ಒಡೆದರು: ನಾರ್ಮಲ್ ಮತ್ತು ನ್ಯೂರಾಟಿಕ್. ಮೊದಲನೆಯವರು ಕಷ್ಟಪಟ್ಟು ಕೆಲಸ ಮಾಡುತ್ತಾರೆ, ಮುಗಿದ ಮೇಲೆ ಖುಷಿಪಡುತ್ತಾರೆ, ಅಗತ್ಯ ಬಿದ್ದರೆ ಪಟ್ಟು ಸಡಿಲಿಸುತ್ತಾರೆ. ಎರಡನೆಯವರಿಗೆ ಎಷ್ಟು ಮಾಡಿದರೂ ಸಮಾಧಾನವಿಲ್ಲ. ಪರೀಕ್ಷೆಯಲ್ಲಿ ಬರೆಯಲು ಈ ವಿಂಗಡಣೆ ಚೆನ್ನಾಗಿದೆ. ಆದರೆ ಇಷ್ಟಕ್ಕೇ ನಿಂತರೆ ವಿಷಯ ಅರ್ಧ ಮಾತ್ರ ತಿಳಿದಂತೆ.

ಅಳತೆಗಳು ಹೇಳುವುದೇನು

ಎರಡು ಪ್ರಶ್ನಾವಳಿಗಳನ್ನು ಮರೆಯಬೇಡಿ. ಫ್ರಾಸ್ಟ್ ಮತ್ತು ಸಂಗಡಿಗರದ್ದು 1990ರಲ್ಲಿ ಬಂತು. ಅದರಲ್ಲಿ 35 ಹೇಳಿಕೆಗಳು, ಆರು ಭಾಗಗಳು: ತಪ್ಪಿನ ಚಿಂತೆ, ಸ್ವಂತ ಮಾನದಂಡ, ತಂದೆತಾಯಿಯ ನಿರೀಕ್ಷೆ, ತಂದೆತಾಯಿಯ ಟೀಕೆ, ಮಾಡಿದ ಕೆಲಸದ ಬಗ್ಗೆ ಅನುಮಾನ, ಓರಣ. ಹ್ಯೂಯಿಟ್ ಮತ್ತು ಫ್ಲೆಟ್ ಅವರದ್ದು 1991ರದ್ದು, 45 ಹೇಳಿಕೆಗಳು. ಅವರು ಕೇಳಿದ ಪ್ರಶ್ನೆ ಬೇರೆ: ಈ ನಿರೀಕ್ಷೆ ಯಾರಿಂದ ಯಾರ ಮೇಲೆ? ನಾನು ನನ್ನಿಂದ ಬಯಸುವುದು ಒಂದು ಬಗೆ, ನಾನು ಬೇರೆಯವರಿಂದ ಬಯಸುವುದು ಇನ್ನೊಂದು. ಬೇರೆಯವರು ನನ್ನಿಂದ ಬಯಸುತ್ತಿದ್ದಾರೆ ಅಂತ ನನಗೆ ಅನಿಸುವುದು ಮೂರನೆಯದು. ಇಲ್ಲಿ ‘ಅನಿಸುವುದು’ ಎಂಬುದನ್ನು ಗಮನಿಸಿ. ಅವರು ನಿಜವಾಗಿ ಬಯಸುತ್ತಿದ್ದಾರೋ ಇಲ್ಲವೋ, ಈ ಪ್ರಶ್ನಾವಳಿ ಅದನ್ನು ಅಳೆಯುವುದಿಲ್ಲ.

1993ರಲ್ಲಿ ಎರಡೂ ಪ್ರಶ್ನಾವಳಿಗಳನ್ನು ಒಟ್ಟಿಗೆ ಇಟ್ಟು ವಿಶ್ಲೇಷಣೆ ಮಾಡಿದಾಗ ಮುಖ್ಯವಾಗಿ ಎರಡು ಗುಂಪು ಹೊರಬಂದವು. ಒಂದು, ಎತ್ತರದ ಗುರಿ ಇಟ್ಟುಕೊಂಡು ಶ್ರಮಿಸುವುದು. ಇನ್ನೊಂದು, ತಪ್ಪಾದೀತು, ಯಾರಾದರೂ ಏನಾದರೂ ಅಂದಾರು ಎಂಬ ಚಿಂತೆ. ಸುಲಭಕ್ಕೆ ‘ಹಂಬಲ’ ಮತ್ತು ‘ಅಳುಕು’ ಅಂತ ಕರೆಯೋಣ. ಮುಂದಿನದ್ದೆಲ್ಲ ಈ ಎರಡರ ಮೇಲೆಯೇ ನಿಂತಿದೆ. ವ್ಯಕ್ತಿತ್ವವನ್ನು ಐದು ಮುಖ್ಯ ಗುಣಗಳಲ್ಲಿ ವಿವರಿಸುವ ಮಾದರಿ ಓದಿದ್ದರೆ ನೆನಪಿಡುವುದು ಇನ್ನೂ ಸುಲಭ: ಹಂಬಲ ಕರ್ತವ್ಯಪ್ರಜ್ಞೆಯ ಜೊತೆ ಹೋಗುತ್ತದೆ, ಅಳುಕು ನ್ಯೂರಾಟಿಸಿಸಂ (ಬೇಗ ಆತಂಕ, ಬೇಸರಕ್ಕೆ ಜಾರುವ ಸ್ವಭಾವ) ಜೊತೆ.

ಮನಸ್ಸಿನ ಮೇಲೆ ಪರಿಣಾಮ

ಅಳುಕಿನ ವಿಚಾರದಲ್ಲಿ ಸಂಶೋಧನೆ ಹೆಚ್ಚು ಕಡಿಮೆ ಒಂದೇ ಮಾತು ಹೇಳುತ್ತದೆ. ಖಿನ್ನತೆ, ಆತಂಕ, ಗೀಳು, ಊಟದ ತೊಂದರೆಗಳು (ಈಟಿಂಗ್ ಡಿಸಾರ್ಡರ್), ಎಲ್ಲದರ ಜೊತೆಗೂ ಅದಕ್ಕೆ ನಂಟಿದೆ. 2017ರಲ್ಲಿ ಲಿಂಬರ್ಗ್ ಮತ್ತು ಸಂಗಡಿಗರು 284 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ಕಂಡಿತು. ಒಂದೇ ಗುಣ ಹಲವು ಕಾಯಿಲೆಗಳ ಬೆನ್ನಿಗೆ ಇರುವುದರಿಂದ ಇದನ್ನು ಯಾವುದೋ ಒಂದೇ ಕಾಯಿಲೆಗೆ ಸೇರಿದ ಲಕ್ಷಣ ಅಂತ ಎಣಿಸುವುದಿಲ್ಲ.

ಹಂಬಲದ ವಿಚಾರ ಅಷ್ಟು ಸಲೀಸಲ್ಲ. ‘ಒಳ್ಳೆಯ ಪರ್ಫೆಕ್ಷನಿಸಂ’ ಅನ್ನುವ ಮಾತಿಗೆ ಬಲ ಬರುವುದು ಹೆಚ್ಚಾಗಿ ಅಂಕಿಅಂಶದ ಒಂದು ಲೆಕ್ಕದಿಂದ. ಹಂಬಲ ಮತ್ತು ಅಳುಕು ಸಾಮಾನ್ಯವಾಗಿ ಜೋಡಿಯಾಗಿಯೇ ಇರುತ್ತವೆ. ಒಂದು ಜಾಸ್ತಿ ಇದ್ದವರಲ್ಲಿ ಇನ್ನೊಂದೂ ಜಾಸ್ತಿ ಇರುವ ಸಂಭವ ಹೆಚ್ಚು. ಸಂಶೋಧಕರು ಲೆಕ್ಕದಲ್ಲಿ ಅಳುಕಿನ ಪಾಲನ್ನು ಕಳೆದು ನೋಡಿದಾಗ, ಉಳಿದ ಹಂಬಲ ಒಳ್ಳೆಯದರ ಕಡೆ ವಾಲುತ್ತದೆ. ಲೆಕ್ಕ ಸರಿಯೇ. ಆದರೆ ಅಳುಕು ಪೂರ್ತಿ ಕಳೆದುಹೋದ ಆ ಮನುಷ್ಯ ಎಷ್ಟು ಕಡೆ ಸಿಗುತ್ತಾನೆ? ಸಿಕ್ಕರೂ ಅವನನ್ನು ಪರ್ಫೆಕ್ಷನಿಸ್ಟ್ ಅನ್ನುವ ಬದಲು ಸುಮ್ನೆ ‘ಶ್ರದ್ಧೆಯಿರುವವನು’ ಅಂದರೆ ಸಾಲದೇ? ಈ ಜಗಳ ಇನ್ನೂ ಮುಗಿದಿಲ್ಲ. ನನಗೇನೋ ‘ಶ್ರದ್ಧೆ’ ಅಂದರೆ ಸಾಕು ಅನ್ನುವ ಪಕ್ಷವೇ ಸರಿ ಅನಿಸುತ್ತದೆ. ಇನ್ನೊಂದು ಮಾತು: ಊಟದ ತೊಂದರೆಗಳ ವಿಚಾರಕ್ಕೆ ಬಂದರೆ ಹಂಬಲವೂ ನಿರಪರಾಧಿಯಲ್ಲ. ಅಲ್ಲಿ ಎರಡೂ ಕಾಣಿಸಿಕೊಳ್ಳುತ್ತವೆ.

ಒಳಗೆ ನಡೆಯುವುದು ಏನು

ಈ ಪಾಠದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. 2002ರಲ್ಲಿ ಶಾಫ್ರನ್, ಕೂಪರ್, ಫೇರ್‌ಬರ್ನ್ ಒಂದು ವಿವರಣೆ ಕೊಟ್ಟರು. ಅವರ ಪ್ರಕಾರ ತೊಂದರೆಯ ಬೇರು ಗುರಿಯ ಎತ್ತರದಲ್ಲಿಲ್ಲ. ಗುರಿ ಮುಟ್ಟಿದರೆ ಮಾತ್ರ ನನಗೆ ಬೆಲೆ ಎಂಬ ಲೆಕ್ಕಾಚಾರದಲ್ಲಿದೆ.

ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. 90 ಅಂಕದ ಗುರಿ ಇಟ್ಟುಕೊಂಡಿದ್ದಾಳೆ. 84 ಬಂತು. ‘ನಾನು ದಡ್ಡಿ’ ಅಂತ ತೀರ್ಮಾನ, ಮುಂದಿನ ಸಲ ಇನ್ನೂ ಬಿಗಿಯಾದ ವೇಳಾಪಟ್ಟಿ. ಇದು ನಿರೀಕ್ಷಿತವೇ. ಈಗ 92 ಬಂತು ಅಂದುಕೊಳ್ಳಿ. ಖುಷಿಯಾಗಬೇಕಲ್ವಾ? ಆಗುವುದಿಲ್ಲ. ‘ಪ್ರಶ್ನೆಪತ್ರಿಕೆ ಸುಲಭ ಇತ್ತು, ಎಲ್ಲರಿಗೂ ಬಂದಿದೆ’ ಅನ್ನುತ್ತಾಳೆ. ಮುಂದಿನ ಗುರಿ 96. ಮೂರನೆಯ ದಾರಿಯೂ ಇದೆ: ಎಡವುವ ಭಯಕ್ಕೆ ಪುಸ್ತಕವನ್ನೇ ತೆರೆಯದೆ ದಿನ ದೂಡುವುದು. ಸೋತರೆ ಬೈಗುಳ, ಗೆದ್ದರೆ ಗೆಲುವಿಗೆ ಬೆಲೆಯಿಲ್ಲ, ತಪ್ಪಿಸಿಕೊಂಡರೆ ಅಪರಾಧಪ್ರಜ್ಞೆ. ಯಾವ ಬಾಗಿಲಿಂದ ಹೊರಟರೂ ಅದೇ ಕೋಣೆಗೆ ವಾಪಸ್.

ಕೆಲಸ ಮುಂದೂಡುವುದಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ಪರ್ಫೆಕ್ಷನಿಸ್ಟ್‌ಗಳು ಸೋಮಾರಿಗಳಾಗಿ ಕಾಣುವುದು ಹೇಗೆ ಅಂತ ಹಲವರು ಕೇಳುತ್ತಾರೆ. 2017ರಲ್ಲಿ ಸಿರೋಯಿಸ್ ಮತ್ತು ಸಂಗಡಿಗರು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಅಳುಕು ಹೆಚ್ಚಿದ್ದವರಲ್ಲಿ ಮುಂದೂಡುವುದೂ ಹೆಚ್ಚು, ಹಂಬಲ ಹೆಚ್ಚಿದ್ದವರಲ್ಲಿ ಕಡಿಮೆ ಅಂತ ಕಂಡಿತು.

ಸಂಬಂಧಗಳು, ಚಿಕಿತ್ಸೆ

ಅಳುಕು ಇರುವವರು ತಮ್ಮ ಕುಂದುಗಳನ್ನು ಮುಚ್ಚಿಡುತ್ತಾರೆ. ತಪ್ಪು ಮಾಡುವುದು ಯಾರ ಕಣ್ಣಿಗೂ ಬೀಳಬಾರದು, ಮಾಡಿದರೂ ಬಾಯಿ ಬಿಡಬಾರದು. ಹೀಗೆ ಮುಚ್ಚಿಡುತ್ತಾ ಹೋದರೆ ಜನರ ನಡುವೆ ಇದ್ದೂ ಒಂಟಿಯಾಗುತ್ತಾರೆ, ಸಹಾಯ ಕೇಳುವುದೂ ಕಷ್ಟವಾಗುತ್ತದೆ. ಅಮೆರಿಕದಲ್ಲಿ ಖಿನ್ನತೆಯ 16 ವಾರಗಳ ಚಿಕಿತ್ಸೆಗಳನ್ನು ಹೋಲಿಸಿದ ದೊಡ್ಡ ಪ್ರಯೋಗವೊಂದರ ದತ್ತಾಂಶವನ್ನು ಮನಶ್ಶಾಸ್ತ್ರಜ್ಞ ಬ್ಲ್ಯಾಟ್ ಮತ್ತೆ ಜಾಲಾಡಿದರು. ಪರ್ಫೆಕ್ಷನಿಸಂ ಹೆಚ್ಚಿದ್ದ ರೋಗಿಗಳಿಗೆ ಆ ಕಡಿಮೆ ಅವಧಿಯ ಚಿಕಿತ್ಸೆಯಿಂದ ಸಿಕ್ಕ ಲಾಭ ಕಡಿಮೆ ಇತ್ತು.

2019ರಲ್ಲಿ ಪ್ರಕಟವಾದ ಕರ್ರನ್ ಮತ್ತು ಹಿಲ್ ಅವರ ಅಧ್ಯಯನವನ್ನೂ ಓದಿ. ಅಮೆರಿಕ, ಕೆನಡಾ, ಬ್ರಿಟನ್‌ನ 41,641 ಕಾಲೇಜು ವಿದ್ಯಾರ್ಥಿಗಳ 1989ರಿಂದ 2016ರವರೆಗಿನ ಸ್ಕೋರುಗಳು ಅದರಲ್ಲಿವೆ, ಹ್ಯೂಯಿಟ್ ಮತ್ತು ಫ್ಲೆಟ್ ಪ್ರಶ್ನಾವಳಿಯವು. ತನ್ನಿಂದ ತಾನೇ ಬಯಸುವುದು 10%, ಬೇರೆಯವರಿಂದ ಬಯಸುವುದು 16%, ಬೇರೆಯವರು ತನ್ನಿಂದ ಬಯಸುತ್ತಾರೆ ಎಂಬ ಅನಿಸಿಕೆ 33% ಏರಿತ್ತು. ‘ಯುವಜನರಲ್ಲಿ 33% ಮಂದಿ ಪರ್ಫೆಕ್ಷನಿಸ್ಟ್‌ಗಳು’ ಅಂತ ಇದನ್ನು ತಿರುಚಿ ಬರೆಯಬೇಡಿ. ಏರಿದ್ದು ಸ್ಕೋರು, ಅದೂ ಮೂರು ದೇಶಗಳ ಕಾಲೇಜು ವಿದ್ಯಾರ್ಥಿಗಳದ್ದು.

ಚಿಕಿತ್ಸೆಗೆ ಬಂದರೆ, ಅರಿವಿನ ವರ್ತನಾ ಚಿಕಿತ್ಸೆ (CBT; ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಲು ನೋಡುವ ಚಿಕಿತ್ಸೆ) ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಮಾಡಿಸುವ ಸಣ್ಣ ಪ್ರಯೋಗಗಳು ಕುತೂಹಲದವು. ಒಂದು ಇಮೇಲನ್ನು ಐದು ಸಲ ಓದಿ ಕಳಿಸುವವರಿಗೆ ಒಂದೇ ಸಲ ಓದಿ ಕಳಿಸಲು ಹೇಳುತ್ತಾರೆ. ಕಳಿಸುವ ಮೊದಲು ಏನು ಅನಾಹುತ ಆಗಬಹುದು ಅಂತ ಬರೆದಿಡಬೇಕು, ಆಮೇಲೆ ನಿಜಕ್ಕೂ ಏನಾಯಿತು ಅಂತ ಪಕ್ಕದಲ್ಲೇ ಬರೆಯಬೇಕು. ‘ಗುರಿ ತಗ್ಗಿಸಿಕೋ’ ಅಂದರೆ ಹೆಚ್ಚಿನವರು ಒಪ್ಪುವುದೂ ಇಲ್ಲ, ಚಿಕಿತ್ಸಕರು ಹಾಗೆ ಹೇಳುವ ಅಗತ್ಯವೂ ಇಲ್ಲ. ಅವರು ಬದಲಿಸಲು ನೋಡುವುದು ತನ್ನ ಬೆಲೆ ಕಟ್ಟುವ ರೀತಿಯನ್ನು. ಅಂಕ ಅಥವಾ ಕೆಲಸ ಒಂದರ ಮೇಲೇ ನಿಂತಿದ್ದ ಆ ಬೆಲೆಗೆ ಗೆಳೆತನ, ಆಟ, ಹವ್ಯಾಸಗಳೂ ಲೆಕ್ಕಕ್ಕೆ ಬರುವಂತೆ ಮಾಡುತ್ತಾರೆ.