ಬ್ರೇಕ್ ಒತ್ತಿದರೆ ಇಂಡಿಕೇಟರ್ ಉರಿಯುವುದೇಕೆ?

ಮದ್ದೂರಿನ ಕಡೆ ಇರುವ ನಮ್ಮ ಭಾವ ಕಬ್ಬು ಸಾಗಿಸಲು ಒಂದು ಹಳೇ ಟ್ರೇಲರ್ ಕೊಂಡರು. ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು, ನೋಡಲು ಚೆನ್ನಾಗಿತ್ತು. ಸಂಜೆ ಟ್ರ್ಯಾಕ್ಟರ್‌ಗೆ ಕಟ್ಟಿ ಬ್ರೇಕ್ ಒತ್ತಿದರೆ ಬಲಗಡೆಯ ಕೆಂಪು ದೀಪ ಸರಿಯಾಗಿ ಉರಿಯಿತು. ಎಡಗಡೆಯದು ಮಂಕು. ಜೊತೆಗೆ, ಯಾರೂ ಹಾಕದ ಎಡ ಇಂಡಿಕೇಟರ್ ಕೂಡ ಮಿಣುಕು ಮಿಣುಕಾಗಿ ಉರಿಯತೊಡಗಿತು.

"ಎಲ್ಲೋ ವೈರು ಅದಲುಬದಲಾಗಿದೆ ಕಣಪ್ಪಾ" ಅಂದರು ಭಾವ. ಯಾರಿಗಾದರೂ ಮೊದಲು ಹಾಗೇ ಅನ್ನಿಸುತ್ತೆ, ಅಲ್ವಾ? ಆದರೆ ವೈರುಗಳೆಲ್ಲ ಅವುಗಳ ಜಾಗದಲ್ಲೇ ಇದ್ದವು. ಎಡ ದೀಪದ ಅರ್ಥ್ ಮಾತ್ರ ಹೋಗಿತ್ತು.

ಗದ್ದೆ ಮಾಡಿದವರಿಗೆ ಇದು ಸುಲಭವಾಗಿ ತಿಳಿಯುತ್ತೆ. ನಾಲೆಯಿಂದ ನೀರು ಬಂದರೆ ಸಾಲದು, ಹೊರಗೆ ಹೋಗಲು ಬಸಿಗಾಲುವೆಯೂ ಬೇಕು. ಅದು ಮುಚ್ಚಿಕೊಂಡರೆ ನೀರು ಬದು ಒಡೆದು ಪಕ್ಕದ ಗದ್ದೆಗೆ ನುಗ್ಗುತ್ತೆ. ವಿದ್ಯುತ್ತೂ ಹಾಗೆಯೇ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟದ್ದು ನೆಗೆಟಿವ್‌ಗೆ ಮರಳಲೇಬೇಕು. ಆ ಮರಳುವ ದಾರಿಗೇ ಅರ್ಥ್ ಅನ್ನುವುದು. ಒಂದು ದೀಪದ ಗೂಡಿನಲ್ಲಿರುವ ಬಲ್ಬುಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಅರ್ಥ್ ಇರುತ್ತೆ. ಅದು ಕಡಿದಾಗ ಬ್ರೇಕ್ ಬಲ್ಬಿಗೆ ಬಂದ ಕರೆಂಟು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ಹಿಮ್ಮುಖವಾಗಿ ಹರಿಯುತ್ತೆ. ಅಲ್ಲಿಂದ ಇಂಡಿಕೇಟರ್ ವೈರಿನಲ್ಲೇ ಮುಂದೆ ಹೋಗಿ, ಟ್ರ್ಯಾಕ್ಟರಿನ ಎಡ ಇಂಡಿಕೇಟರ್ ಬಲ್ಬುಗಳ ಮೂಲಕ ಅರ್ಥ್ ಸೇರುತ್ತೆ. 12 ವೋಲ್ಟು ಈ ಬಲ್ಬುಗಳ ನಡುವೆ ಹಂಚಿಹೋಗುವುದರಿಂದ ಯಾವುದಕ್ಕೂ ಪೂರ್ತಿ ಸಿಗುವುದಿಲ್ಲ. ಎಲ್ಲವೂ ಮಂಕು.

ಅರ್ಥ್ ಪೂರ್ತಿ ಹೋಗಬೇಕೆಂದೂ ಇಲ್ಲ. ಬ್ರೇಕ್ ಮತ್ತು ಇಂಡಿಕೇಟರ್ ಬಲ್ಬುಗಳು ಹೆಚ್ಚಾಗಿ 21 ವ್ಯಾಟಿನವು, ಹಿಂದಿನ ಸಣ್ಣ ಕೆಂಪು ದೀಪ 5 ವ್ಯಾಟಿನದು. ಮೂರೂ ಉರಿಯುವಾಗ ಸುಮಾರು 4 ಆಂಪಿಯರ್ ಹರಿಯಬೇಕು. ಅರ್ಥ್‌ನ ಬೋಲ್ಟಿನಲ್ಲಿ ತುಕ್ಕಿನಿಂದ ಬರೀ 1 ಓಮ್ ತಡೆ ಬಂದರೂ ಅಲ್ಲೇ ಸುಮಾರು 3 ವೋಲ್ಟ್ ಕಳೆದುಹೋಗುತ್ತೆ. ಮಿಕ್ಕ 9 ವೋಲ್ಟಿಗೆ ಮುಕ್ಕಾಲು ಭಾಗ ಬೆಳಕಾದರೂ ಬರಬೇಕು ಅನ್ನಿಸಬಹುದು. ಬರುವುದಿಲ್ಲ. ಬಲ್ಬಿನೊಳಗಿನ ತಂತಿಯ ಕಾವು ಇಳಿದ ಹಾಗೆ ಬೆಳಕು ಇನ್ನೂ ಬೇಗ ಇಳಿಯುತ್ತೆ, ಅರ್ಧಕ್ಕಿಂತಲೂ ಕಡಿಮೆಯಾಗುತ್ತೆ. ಕಬ್ಬಿನ ಲೋಡಿನ ಹಿಂದೆ ರಾತ್ರಿ ಬೈಕಿನಲ್ಲಿ ಬರುವವನಿಗೆ ಕಾಣುವುದು ಇಷ್ಟೇ ಬೆಳಕು. ನನಗೆ ಭಯವಾಗುವುದು ಇದಕ್ಕೇ.

ನಾವು ಮೊದಲು ಟ್ರ್ಯಾಕ್ಟರಿನಿಂದ ಪ್ಲಗ್ ಕಿತ್ತೆವು. 7 ಪಿನ್ನಿನ ಪ್ಲಗ್‌ಗೆ ಐಎಸ್‌ಒ 1724 ಅನ್ನುವ ಮಾನದಂಡ ಇದೆ. ಅದರಲ್ಲಿ ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಕೆಂಪು ಬ್ರೇಕ್. ಕಂದು ಬಲಗಡೆಯ ಹಿಂದೀಪ, ಕಪ್ಪು ಎಡಗಡೆಯದು. ಬಿಳಿ ಅರ್ಥ್, ನೀಲಿ ಮಂಜಿನ ದೀಪಕ್ಕೆ. ಕಪ್ಪಿನ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು. ಕಪ್ಪು ಅಂದರೆ ನೆಗೆಟಿವ್ ಎಂದು ನಮ್ಮ ಕೈಗೆ ರೂಢಿಯಾಗಿಬಿಟ್ಟಿದೆ. ಇನ್ನು ಹಳೇ ಟ್ರೇಲರಿನಲ್ಲಿ ಹತ್ತು ಜನ ಕೈಯಾಡಿಸಿರುತ್ತಾರೆ, ಸಿಕ್ಕಿದ ತುಂಡು ಸೇರಿಸಿರುತ್ತಾರೆ. ಬಣ್ಣ ನಂಬಿ ಸುಮ್ನೆ ಜೋಡಿಸಬಾರದು.

ಹಾಗಾಗಿ ಒಂದೊಂದೇ ವೈರು ಪರೀಕ್ಷಿಸಿದೆವು. ಮೊದಲು ಮಲ್ಟಿಮೀಟರ್‌ನಲ್ಲಿ ಚಾಸಿಗೆ, ಅಂದರೆ ಟ್ರೇಲರಿನ ಕಬ್ಬಿಣದ ಚೌಕಟ್ಟಿಗೆ, ಸೇರಿದ ವೈರು ಹುಡುಕಿ ಬದಿಗಿಟ್ಟೆವು. ಅದಕ್ಕೆ ಪಾಸಿಟಿವ್ ತಾಗಿಸಿದರೆ ಶಾರ್ಟ್ ಆಗುತ್ತೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಅನ್ನು ಚಾಸಿಗೆ ಕಚ್ಚಿಸಿ, ಪಾಸಿಟಿವ್ ಅನ್ನು ಫ್ಯೂಸ್ ಮೂಲಕ ಉಳಿದ ವೈರುಗಳಿಗೆ ತಾಗಿಸಿದೆವು. ಯಾವ ದೀಪ ಹತ್ತಿತೋ ಅದರ ಹೆಸರು ಬರೆದು ವೈರಿಗೆ ಚೀಟಿ ಅಂಟಿಸಿದರು ನಮ್ಮ ಅಕ್ಕ.

ಎಡ ದೀಪದ ಬೋಲ್ಟ್ ಬಿಚ್ಚಿದಾಗ ಕಾರಣ ಸಿಕ್ಕಿತು. ಅದೇ ಚೆಂದದ ನೀಲಿ ಬಣ್ಣ. ಅರ್ಥ್ ವೈರಿನ ರಿಂಗು ಬಣ್ಣದ ಪದರದ ಮೇಲೆ ಕೂತಿತ್ತು, ಕಬ್ಬಿಣವನ್ನು ಮುಟ್ಟಿರಲೇ ಇಲ್ಲ. ಉಪ್ಪುಕಾಗದದಿಂದ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆವು. ಬಿಳಿ ವೈರನ್ನೂ ಪ್ಲಗ್‌ನಿಂದ ಎರಡೂ ದೀಪಗಳವರೆಗೆ ಹೊಸದಾಗಿ ಎಳೆದೆವು. ಟ್ರೇಲರ್ ಕೊಕ್ಕೆಯ ಮೂಲಕವೂ ಕರೆಂಟು ಮರಳುತ್ತೆ ನಿಜ, ಆದರೆ ಗ್ರೀಸ್ ಮೆತ್ತಿದ ಆ ಪಿನ್ನು ಗುಂಡಿ ಸಿಕ್ಕಿದಾಗಲೆಲ್ಲ ಅಲ್ಲಾಡುತ್ತೆ. ದೀಪವೂ ಅದರ ಜೊತೆ ಮಿಣುಕುತ್ತೆ.

ಕೊನೆಯ ಪರೀಕ್ಷೆ ಎಲ್ಲ ದೀಪ ಉರಿಯುವಾಗಲೇ ಆಗಬೇಕು. ಒಂದೇ ಎಳೆ ತಂತಿ ಉಳಿದಿದ್ದರೂ ಮಲ್ಟಿಮೀಟರ್ ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸುತ್ತೆ, ಏಕೆಂದರೆ ಅದು ಹರಿಸುವ ಕರೆಂಟು ಬಹಳ ಕಡಿಮೆ. ಭಾವ ಬ್ರೇಕ್ ಒತ್ತಿ ಹಿಡಿದರು, ಇಂಡಿಕೇಟರ್ ಹಾಕಿದರು. ನಾನು ಮೀಟರಿನ ಒಂದು ಕಡ್ಡಿಯನ್ನು ದೀಪದ ಬುಡಕ್ಕೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಇಟ್ಟೆ. ಅರ್ಥ್ ದಾರಿಯಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್ ದಾಟಿದರೆ ಮತ್ತೆ ಬಿಚ್ಚುವುದು ಅಂದುಕೊಂಡಿದ್ದೆವು. 0.2 ತೋರಿಸಿತು.