ಒದ್ದೆ ಪೈಪಿಗೆ ಎಂ-ಸೀಲ್ ಏಕೆ ಹಿಡಿಯುವುದಿಲ್ಲ?

ಪ್ರಶ್ನೆ: ಟ್ಯಾಂಕಿನ ನೀರನ್ನು ತಡೆಯುವ ಗೇಟ್ ವಾಲ್ವ್ ಎಷ್ಟು ತಿರುಗಿಸಿದರೂ ಪೈಪಿನಲ್ಲಿ ನೀರು ಜಿನುಗುವುದು ನಿಲ್ಲುತ್ತಿಲ್ಲ. ಪೈಪು ಒಣಗದ ಕಾರಣ ಸೋರಿಕೆಗೆ ಮೆತ್ತುವ ಎಂ-ಸೀಲ್ ಅಂಟು ಕೂಡ ಹಿಡಿಯುತ್ತಿಲ್ಲ. ಏನು ಮಾಡಬೇಕು?

ಉತ್ತರ: ದಾವಣಗೆರೆ, ಚಿತ್ರದುರ್ಗಗಳ ಓದುಗರಿಗೆ ಈ ಉತ್ತರವನ್ನು ಹಿಂದೆಯೂ ಬರೆದಿದ್ದೇನೆ, ಈ ಸಲ ಕಾರಣಸಹಿತ ಬರೆಯುತ್ತೇನೆ. ನೀರು ಬಿಡುವ ದಿನಕ್ಕಾಗಿ ಕಾದು ತುಂಬಿಸಿಕೊಂಡ ಟ್ಯಾಂಕನ್ನು ಬರಿದು ಮಾಡಬೇಕಾಗಿಲ್ಲ. ಪೈಪು ಒಣಗದಿದ್ದರೆ ಅಂಟಿಸುವ ಪ್ರಯತ್ನವನ್ನು ಬಿಟ್ಟು ರಬ್ಬರ್ ಪಟ್ಟಿ ಸುತ್ತಿ ಬಿಗಿಯಬೇಕು.

ಆದರೆ "ಇನ್ನೂ ದಪ್ಪಗೆ ಮೆತ್ತಿದರೆ ನಿಲ್ಲುತ್ತದೆ" ಎಂಬ ನಂಬಿಕೆ ಮಾತ್ರ ಯಾರನ್ನೂ ಬಿಟ್ಟು ಹೋಗುತ್ತಿಲ್ಲ. ಲೆಕ್ಕ ಹಾಕಿ ನೋಡಿ. ಸೋರುವ ಜಾಗಕ್ಕಿಂತ ಟ್ಯಾಂಕಿನ ನೀರು 6 ಮೀಟರ್ ಮೇಲಿದ್ದರೆ, ಅಲ್ಲಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.6 ಕಿಲೋ. 3 ಮಿಲಿಮೀಟರ್ ಅಗಲದ ತೂತಿನ ಮೇಲೆ ಅದು ಕೇವಲ 40 ಗ್ರಾಂನಷ್ಟು ಬಲ; ಹೆಬ್ಬೆರಳಿಟ್ಟರೆ ನಿಲ್ಲುತ್ತದೆ. ಆದರೆ ಎಂ-ಸೀಲ್ ಗಟ್ಟಿಯಾಗುವ ಮುನ್ನವೇ ನೀರು ಅದರ ಅಡಿಗೆ ನುಸುಳಿ 10 ಚದರ ಸೆಂಟಿಮೀಟರಿನಷ್ಟು ಜಾಗಕ್ಕೆ ಹರಡಿದರೆ, ಅದೇ ಒತ್ತಡ 6 ಕಿಲೋ ಬಲದಿಂದ ಆ ಮುದ್ದೆಯನ್ನು ಎಬ್ಬಿಸುತ್ತದೆ. ನೀವು ಎಷ್ಟು ದಪ್ಪ ಮೆತ್ತಿದಿರಿ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಸೋಲುವುದು ಮುದ್ದೆಯಲ್ಲ, ಮುದ್ದೆಗೂ ಪೈಪಿಗೂ ನಡುವಿನ ಹಿಡಿತ. ಮೇಲ್ಮೈಯ ತೇವವನ್ನಾದರೂ ಒರೆಸಿ ನಿಭಾಯಿಸಬಹುದು. ಹೊರಬರುತ್ತಲೇ ಇರುವ ನೀರು ಅಂಟಿಗೆ ಕಚ್ಚಿಕೊಳ್ಳುವ ಅವಕಾಶವನ್ನೇ ಕೊಡುವುದಿಲ್ಲ. ಹೊರಗಿನಿಂದ ಸುತ್ತಿದ ಟೆಫ್ಲಾನ್ ಟೇಪಿಗೂ ಈ ಕೆಲಸ ಆಗದು. ಅದು ಇರುವುದು ಪೈಪಿನ ತಿರುಪಿನ ಮರೆಗೆ (ಥ್ರೆಡ್), ಜೋಡಿಸುವ ಮುನ್ನ ಸುತ್ತುವುದಕ್ಕೆ.

ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿಕೊಳ್ಳಿ. ಜಿಐ (ಸತು ಲೇಪಿತ ಕಬ್ಬಿಣದ) ಪೈಪಾದರೆ ತುಕ್ಕನ್ನು ಕೆರೆದು ತೆಗೆಯಿರಿ. ಸೋರುವ ಜಾಗಕ್ಕಿಂತ ನಾಲ್ಕು ಬೆರಳು ಹಿಂದಿನಿಂದ ಸುತ್ತಲು ತೊಡಗಿ, ರಬ್ಬರನ್ನು ಚೆನ್ನಾಗಿ ಎಳೆಯುತ್ತ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ನಾಲ್ಕು ಬೆರಳು ಆಚೆಯವರೆಗೂ ಒಯ್ಯಿರಿ. ತೂತಿನ ನೇರಕ್ಕೆ ಹೋಸ್ ಕ್ಲಿಪ್ (ತಿರುಪಿನಿಂದ ಬಿಗಿಯುವ ಲೋಹದ ಪಟ್ಟಿ) ಕೂರಿಸಿ ಬಿಗಿಯಿರಿ. ಪಿವಿಸಿ ಪೈಪಾದರೆ ಜಿನುಗು ನಿಂತೊಡನೆ ಕೈ ತಡೆಯಿರಿ, ಹೆಚ್ಚು ಬಿಗಿದರೆ ಸೀಳುತ್ತದೆ.

ಇದು ನೇರ ಪೈಪಿಗೆ ಮಾತ್ರ. ಪೈಪು ತಿರುಗುವ ಕಡೆಯ ಎಲ್ಬೋ ಬಳಿ ಸೋರುತ್ತಿದ್ದರೆ ಕತ್ತರಿಸಿ ಹೊಸದನ್ನು ಹಾಕಲೇಬೇಕು, ಅದನ್ನು ಅಂಟಿಸುವ ಪಿವಿಸಿ ಸೊಲ್ಯೂಷನ್ನಿಗೆ ಒಣಗಿದ ಪೈಪೇ ಬೇಕು. ಅದಕ್ಕೆ ಬಟ್ಟೆಯ ಬಿಗಿಯಾದ ಉಂಡೆಯೊಂದಕ್ಕೆ ಗಟ್ಟಿ ದಾರ ಕಟ್ಟಿ, ಟ್ಯಾಂಕಿನೊಳಗಿನಿಂದ ಕೆಳಗಿಳಿಯುವ ಪೈಪಿನ ಬಾಯಿಗೆ ತುರುಕಿರಿ. ದಾರದ ತುದಿ ಹೊರಗೇ ಇರಲಿ, ಇಲ್ಲವಾದರೆ ಉಂಡೆ ಪೈಪಿನೊಳಗೆ ಸೇರಿಕೊಂಡೀತು. ಬಳಿಕ ಕೆಳಗಿನ ನಲ್ಲಿಯೊಂದನ್ನೂ ಮೇಲಿನ ನಲ್ಲಿಯೊಂದನ್ನೂ ತೆರೆದಿಡಿ. ಮೇಲಿನಿಂದ ಗಾಳಿ ಒಳಹೋಗದೆ ಪೈಪಿನಲ್ಲಿ ನಿಂತ ನೀರು ಪೂರ್ತಿ ಇಳಿಯುವುದಿಲ್ಲ.

ಗೇಟ್ ವಾಲ್ವ್ ಏಕೆ ಮುಚ್ಚುವುದಿಲ್ಲ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬೋರಿನ ಗಡಸು ನೀರು ಹೀಟರಿನ ಕಾಯಿಲಿಗೆ ಕಟ್ಟುವ ಬಿಳಿ ಪದರವೇ, ವರ್ಷಗಟ್ಟಲೆ ತೆರೆದೇ ಇರುವ ವಾಲ್ವಿನೊಳಗೂ ಗೇಟು ಕೂರಬೇಕಾದ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ. ಪಾನಾ ಹಾಕಿ ಬಲವಂತ ಮಾಡಿದರೆ ಒಳಗಿನ ಕಡ್ಡಿ ಮುರಿಯುತ್ತದೆ. ಬಟ್ಟೆಯ ಉಂಡೆ ಹೇಗೂ ಟ್ಯಾಂಕಿನಲ್ಲಿರುವಾಗಲೇ ಆ ಗೇಟ್ ವಾಲ್ವನ್ನು ತೆಗೆಸಿ, ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್ ಹಾಕಿಸಿ. ಆಮೇಲೆ ತಿಂಗಳಿಗೊಮ್ಮೆಯಾದರೂ ಅದನ್ನು ಮುಚ್ಚಿ ತೆರೆಯುತ್ತಿರಿ.