ಸವೆದ ಇಂಜಿನ್, ಉದ್ದದ ದಾರಿ

ಹಳೇ ಕಾರಿನವರು ದೂರದ ಪ್ರಯಾಣಕ್ಕೆ ಮೊದಲು ಬಂದು ಕೇಳುತ್ತಾರೆ, "ಇಂಜಿನ್ ತಡೆಯುತ್ತಾ?" ನಾನು ತಿರುಗಿ ಕೇಳುತ್ತೇನೆ, "ನೂರು ಕಿಲೋಮೀಟರಿಗೆ ಎಷ್ಟು ಆಯಿಲ್ ಕುಡಿಯುತ್ತೆ?" ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಪಿಸ್ಟನ್ ಸುತ್ತ ಕೂತು ಆಯಿಲ್ ಮೇಲೇರದಂತೆ ತಡೆಯುವ ರಿಂಗ್ ಸವೆದ ಇಂಜಿನ್ ಕೂಡ ಸಾವಿರಾರು ಕಿಲೋಮೀಟರ್ ಓಡಬಲ್ಲದು. ಕುಡಿದದ್ದನ್ನು ನಾವು ತುಂಬಿಸುತ್ತಿರಬೇಕು, ಅಷ್ಟೆ. ಹಾಗಾಗಿ ಹೊರಡುವ ವಾರ 200 ಕಿಲೋಮೀಟರ್ ಓಡಿಸಿ ಅಳೆದುಕೊಳ್ಳಿ. ಸಮತಟ್ಟಾದ ಜಾಗ, ಪ್ರತಿ ಸಲವೂ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಬೇಕು. ದಾರಿಯಲ್ಲಿ ಮೊದಲ ದಿನ 100 ಕಿಲೋಮೀಟರಿಗೊಮ್ಮೆ ನಿಲ್ಲಿಸಿ. ಗುರುತಿಗಿಂತ ಜಾಸ್ತಿ ಮಾತ್ರ ಸುರಿಯಬೇಡಿ. ಆಯಿಲ್ ನೊರೆಯಾಗುತ್ತದೆ, ಕಿಡಿ ಕೊಡುವ ಪ್ಲಗ್ ಕರಿ ಹಿಡಿಯುತ್ತದೆ.

ಹೊರಡುವ ಹಿಂದಿನ ದಿನ ಬೇರೆ ಜಾತಿಯ ಆಯಿಲ್‌ಗೆ ಬದಲಾಯಿಸುವವರಿದ್ದಾರೆ. ದಯವಿಟ್ಟು ಬೇಡ. ಕೊಳೆ ತೊಳೆಯುವ ಗುಣದ ಹೊಸ ಆಯಿಲ್, ದಶಕಗಳಿಂದ ತಳದಲ್ಲಿ ಕೂತ ಗಸಿಯನ್ನು ಎಬ್ಬಿಸಬಹುದು. ಅದು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ, ತಿರುಗುವ ಭಾಗಗಳನ್ನು ಹೊರುವ ಬೇರಿಂಗಿಗೆ ಆಯಿಲ್ ಸಿಗುವುದಿಲ್ಲ.

ಈಗ ಓಡಿಸುವ ವಿಷಯ. ನನ್ನ ಪ್ರಕಾರ ಜಾಸ್ತಿ ಹಾಳಾಗುವುದು ಇಲ್ಲೇ. "ಪಾಪ, ಹಳೇ ಇಂಜಿನ್" ಅಂತ ಟಾಪ್ ಗೇರಿನಲ್ಲೇ ನಿಧಾನವಾಗಿ ಏರು ಹತ್ತಿಸುತ್ತಾರೆ. ಇಂಜಿನ್ ನಿಧಾನ ತಿರುಗಿದಾಗ ಆಯಿಲ್ ಪ್ರೆಶರ್ ಕಡಿಮೆ. ಆಗ ಆಕ್ಸಿಲರೇಟರ್ ಒತ್ತಿದರೆ ಪ್ರತಿ ಹೊಡೆತವೂ ತೆಳುವಾದ ಆಯಿಲ್ ಪದರದ ಮೇಲೆ ಬೀಳುತ್ತದೆ. ಮೊದಲೇ ಗೇರ್ ಇಳಿಸಿ, ಹಗುರಾಗಿ ತಿರುಗಲು ಬಿಡಿ. ಹಾಗಂತ ಚೀರಿಸಲೂ ಬಾರದು. ತಿರುಗುವ ವೇಗ ಎರಡು ಪಟ್ಟಾದರೆ ಪಿಸ್ಟನ್ ತನ್ನ ತೂಕದಿಂದ ರಾಡನ್ನು (ಪಿಸ್ಟನ್ನನ್ನು ತಿರುಗುವ ದಂಡಕ್ಕೆ ಜೋಡಿಸುವ ಸರಳನ್ನು) ಎಳೆಯುವ ಬಲ ನಾಲ್ಕು ಪಟ್ಟಾಗುತ್ತದೆ. ಇಂಜಿನ್ ನಿರಾಳವಾಗಿ ಓಡುವ ಒಂದು ವೇಗ ಇರುತ್ತದೆ, ಅಲ್ವಾ? ಅಲ್ಲೇ ಇರಿ.

ಫೋರ್ಡ್ ಮಾಡೆಲ್ ಟಿ ಇದ್ದವರಿಗೆ ಇನ್ನೊಂದು ಮಾತು. 1908ರಿಂದ 1927ರವರೆಗೆ ತಯಾರಾದ ಆ ಕಾರಿನಲ್ಲಿ ಆಯಿಲ್ ಪಂಪೇ ಇಲ್ಲ. ಇಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಎರಚಿದ್ದೇ ಆಯಿಲ್. ಮಟ್ಟ ನೋಡಲು ಇಂಜಿನಿನ ಕೆಳಗೆ ಎರಡು ಪುಟ್ಟ ನಲ್ಲಿಗಳಿವೆ. ಕೆಳಗಿನದರಲ್ಲಿ ತೊಟ್ಟಿಕ್ಕದಿದ್ದರೆ ಹೊರಡಲೇಬೇಡಿ. ಉದ್ದನೆಯ ಏರಿನಲ್ಲಿ ಆಯಿಲ್ ಹಿಂದಕ್ಕೆ ಸರಿದು ಮುಂದಿನ ರಾಡಿನ ಬೇರಿಂಗ್ ಒಣಗಬಹುದು. ನಡುವೆ ಸಮತಟ್ಟು ಸಿಕ್ಕಲ್ಲಿ ನಿಲ್ಲಿಸಿ ಸುಧಾರಿಸಿಕೊಳ್ಳಲು ಬಿಡಿ. ಸ್ಟೀರಿಂಗ್ ಬಳಿ ಇರುವ, ಕಿಡಿಯ ಸಮಯ ಹೊಂದಿಸುವ ಲಿವರನ್ನೂ ಮರೆಯಬೇಡಿ. ಕಿಡಿ ತಡವಾದರೆ ಇಂಜಿನ್ ವಿಪರೀತ ಬಿಸಿಯಾಗುತ್ತದೆ, ಬೇಗ ಬಂದರೆ ಬೇರಿಂಗ್ ಬಡಿಯುತ್ತದೆ.

ಹೊಗೆಯನ್ನೂ ಕನ್ನಡಿಯಲ್ಲಿ ನೋಡುತ್ತಿರಿ. ಏರಿನಲ್ಲಿ ಎಳೆಯುವಾಗ ನೀಲಿ ಹೊಗೆ ಬಂದರೆ ಸಾಮಾನ್ಯವಾಗಿ ರಿಂಗ್ ಕಾರಣ. ಇಳಿಜಾರು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಭುಸ್ ಎಂದು ಬಂದರೆ ವಾಲ್ವ್ ಗೈಡ್, ಅಂದರೆ ವಾಲ್ವಿನ ಕಡ್ಡಿ ಓಡಾಡುವ ಕೊಳವೆ, ಸವೆದಿದೆ. ಎರಡರಲ್ಲೂ ಊರು ಸೇರಬಹುದು. ಪ್ಲಗ್‌ಗಳನ್ನು ಆಗಾಗ ಬಿಚ್ಚಿ ಒರೆಸಿ, ಒಂದು ಸೆಟ್ ಕೈಲಿರಲಿ. ಕಿಡಿಯ ವ್ಯವಸ್ಥೆಯ ಪಾಯಿಂಟ್, ಕಂಡೆನ್ಸರ್, ಜೊತೆಗೆ ಫ್ಯಾನ್ ಬೆಲ್ಟ್ ಕೂಡ.

ನೀರು ಕುದಿದರೆ ಅವಸರ ಬೇಡ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ ಸುಡುತ್ತದೆ. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಹೆಡ್ಡು ಅಥವಾ ಬ್ಲಾಕು ಸೀಳಬಹುದು. ಪೂರ್ತಿ ತಣಿಯುವವರೆಗೆ ಕಾಯಿರಿ.

ಶಬ್ದದ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಬೆಳಿಗ್ಗೆ ಟಕಟಕ ಅಂದು ಬಿಸಿಯಾದ ಮೇಲೆ ನಿಂತರೆ ಅದು ಸಡಿಲ ಪಿಸ್ಟನ್. ಭಯವಿಲ್ಲ. ಬಿಸಿಯಾದ ಮೇಲೆ ಒಳಗಿನಿಂದ ದಪ್ಪ ದನಿಯಲ್ಲಿ ಬಡಿತ ಶುರುವಾಗಿ, ಒಂದು ಪ್ಲಗ್ಗಿನ ಕಿಡಿ ತಪ್ಪಿಸಿದಾಗ ಅದು ತಗ್ಗಿದರೆ, ಆ ಸಿಲಿಂಡರಿನ ರಾಡ್ ಬೇರಿಂಗ್ ಹೋಗುತ್ತಿದೆ. ಒಬ್ಬರು ಇನ್ನು ಹತ್ತೇ ಕಿಲೋಮೀಟರ್ ಅಂತ ಓಡಿಸಿದರು. ರಾಡು ಮುರಿದು ಬ್ಲಾಕಿನ ಗೋಡೆ ಸೀಳಿ ಹೊರಬಂತು. ಅಂಥ ಬ್ಲಾಕ್ ಮತ್ತೆಲ್ಲಿ ಹುಡುಕುವುದು? ಬಡಿತ ಕೇಳಿದ ಜಾಗದಲ್ಲೇ ಆಫ್ ಮಾಡಿ, ಲಾರಿ ಕರೆಸಿ.